ಮಣ್ಣಿಗೆ ಹೋದ ಇಟಾಲಿಯನ್ ನೋಟ್‌ಬುಕ್ಕು

ನನ್ನ ಗಂಡನನ್ನು ಹಾವೇರಿಯಲ್ಲಿ ಮಣ್ಣು ಮಾಡಿದಾಗ ಅವರ ತೊಡೆಯ ಮೇಲೆ ಒಂದು ನೋಟ್‌ಬುಕ್ಕನ್ನೂ ಇಟ್ಟು ಮುಚ್ಚಿದರು. ಅದರಲ್ಲಿ ಅರ್ಧ ನಾನು ಬರೆದದ್ದು. ನನ್ನನ್ನು ಯಾರೂ ಕೇಳಲಿಲ್ಲ.

ಇಷ್ಟು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ಗಂಡ ಹೋದದ್ದಕ್ಕಿಂತ ನೋಟ್‌ಬುಕ್ಕು ಹೋದದ್ದು ಇವಳಿಗೆ ದೊಡ್ಡದಾಯಿತೇ ಎಂದು ಅವರಿಗೆ ಅನಿಸುತ್ತದೆ. ದೊಡ್ಡದಲ್ಲ. ಆದರೆ ಗಂಡ ಹೋದದ್ದಕ್ಕೆ ನಾನು ಯಾರ ಮೇಲೆ ಸಿಟ್ಟು ಮಾಡಲಿ? ಮೂವತ್ತೊಂಬತ್ತು ವರ್ಷದ ಮನುಷ್ಯ, ಮುಂಜಾನೆ ಎರಡು ರೊಟ್ಟಿ ತಿಂದು ಆಫೀಸಿಗೆ ಹೋದವರು, ಹನ್ನೊಂದರ ಸುಮಾರಿಗೆ ಟೈಪ್ ಮಾಡುತ್ತಾ ಕೂತಲ್ಲೇ ಎದೆ ಹಿಡಿದುಕೊಂಡು ಮಶಿನ್ನಿನ ಮೇಲೆ ಒರಗಿದರು. ಅದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ನೋಟ್‌ಬುಕ್ಕಿನ ವಿಷಯ ಹಾಗಲ್ಲ. ಅದನ್ನು ಒಬ್ಬರು ಯೋಚಿಸಿ, ತಮ್ಮ ಕೈಯಾರೆ ಮಾಡಿದರು.

ನನ್ನ ಗಂಡ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದರು. ನಾನು ಮನೆಯಲ್ಲಿ ಬ್ಲೌಸು, ಲಂಗ ಹೊಲಿದು ಕೊಡುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪನಿಯವರು ಐರಣಿಯ ಕಡೆ ಹೊಳೆಯ ದಂಡೆಯ ಹೊಲಗಳಲ್ಲಿ ಟೊಮ್ಯಾಟೊ ಬೀಜ ಮಾಡಿಸಿ ಇಟಲಿಯ ಒಬ್ಬ ವ್ಯಾಪಾರಿಗೆ ಕಳಿಸುತ್ತಿದ್ದರು. ಹೆಣ್ಣುಮಕ್ಕಳು ಮಧ್ಯಾಹ್ನದ ಮೇಲೆ ಒಂದೊಂದೇ ಮೊಗ್ಗು ಬಿಡಿಸಿ ಒಳಗಿನ ಕೇಸರ ಚಿಮಟಿಗೆಯಿಂದ ಕಿತ್ತು ಹಾಕಿ, ಮರುದಿನ ಮುಂಜಾನೆ ಬೇರೆ ಗಿಡದ ಹೂವಿನ ಪುಡಿ ಮುಟ್ಟಿಸುವ ಕೆಲಸ ಅದು. ಆ ಇಟಲಿಯವನು ವರ್ಷಕ್ಕೊಮ್ಮೆ ನೋಡಲು ಬರುತ್ತಿದ್ದ. ಉಳಿದ ದಿನ ಪತ್ರ ಬರೆಯುತ್ತಿದ್ದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಲ್ಲಿಂದ ಹೋದ ಇಂಗ್ಲಿಷ್ ಪತ್ರ ಅವನಿಗೆ ಒಂದು ರೀತಿ ತಿಳಿದು, ಅಲ್ಲಿಂದ ಬಂದದ್ದು ಇವರಿಗೆ ಇನ್ನೊಂದು ರೀತಿ ತಿಳಿದು, ಒಂದು ಸಲ ಇಡೀ ಮಡಿಯ ಕೆಲಸ ಕೆಟ್ಟಿತು. ಆಗ ಮಾಲೀಕರು ನನ್ನ ಗಂಡನನ್ನು ಕರೆದು, "ಅವನ ಭಾಷಾದಾಗ ಬರಿಯೂದು ಕಲೀರಿ, ಇಂಗ್ಲಿಷ್ ಬರತೈತಲ್ಲ ನಿಮಗ, ಇದೇನು ದೊಡ್ಡ ಮಾತು" ಎಂದರು. ಹುಬ್ಬಳ್ಳಿಯಲ್ಲಿ ಹಳೇ ಪುಸ್ತಕದ ಅಂಗಡಿಯಿಂದ ಅಂಗೈಯಗಲದ ಒಂದು ಡಿಕ್ಷನರಿ ತಂದು ಇವರು ಶುರು ಮಾಡಿದರು.

ಹೂವು, ಬೀಜ, ನೀರು, ಇವು ಸಲೀಸಾಗಿ ಸಿಕ್ಕವು. ಸಿಗದೇ ಹೋದದ್ದು ಸಣ್ಣ ಶಬ್ದಗಳು. ಇಂಗ್ಲಿಷಿನ ಇನ್, ಆನ್, ಅಟ್, ಟು, ಫ್ರಮ್, ಬೈ. ಒಂದೊಂದಕ್ಕೂ ಆ ಡಿಕ್ಷನರಿ ನಾಲ್ಕೋ ಐದೋ ಶಬ್ದ ಕೊಟ್ಟು ಸುಮ್ಮನಾಗುತ್ತಿತ್ತು. ಯಾವುದನ್ನು ಎಲ್ಲಿ ಹಾಕಬೇಕು ಎನ್ನುವುದು ಅದರಲ್ಲಿ ಇರಲಿಲ್ಲ. "ಮಂದಿ ಸಿಕ್ಕರು, ಅವರ ನಡುವಿನ ಸಂಬಂಧ ಸಿಗವಲ್ದು" ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಹಾಗೆ ಆ ನೋಟ್‌ಬುಕ್ಕು ಹುಟ್ಟಿತು. ಇನ್ನೂರು ಪುಟದ್ದು, ನೀಲಿ ರಟ್ಟಿನದು. ಒಂದು ಇಂಗ್ಲಿಷ್ ಶಬ್ದಕ್ಕೆ ನಾಲ್ಕು ಪುಟ. ಎಡಕ್ಕೆ ಇಂಗ್ಲಿಷ್ ವಾಕ್ಯ, ನಡುವೆ ಕನ್ನಡ, ಬಲಕ್ಕೆ ಇಟಾಲಿಯನ್. ಅವರ ಕನ್ನಡ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ, ಹೀಗಾಗಿ ನಡುವಿನ ಸಾಲು ನನಗೆ ಬಂತು. ಬರಬರುತ್ತಾ ಬಲಗಡೆಯದನ್ನೂ ನಾನೇ ಬರೆಯತೊಡಗಿದೆ. ವಾಕ್ಯಗಳನ್ನು ಮನೆಯೊಳಗಿನಿಂದಲೇ ತೆಗೆಯುತ್ತಿದ್ದೆವು. ಹಾಲು ಒಲೆಯ ಮೇಲೆ ಇದೆ. ಸೂಜಿ ಡಬ್ಬಿಯಲ್ಲಿದೆ. ಚಪ್ಪಲಿ ಮಂಚದ ಕೆಳಗಿದೆ. ಅವರು ಆಫೀಸಿನಿಂದ ಬಂದು ಚಹಾ ಕುಡಿದ ಮೇಲೆ, ನಾನು ಲೋಟವನ್ನು ಮೇಜಿನ ಮೇಲೆ, ಅಡಿಯಲ್ಲಿ, ಡಬ್ಬಿಗಳ ನಡುವೆ, ಗೋಡೆಯ ಹತ್ತಿರ ಇಡುತ್ತಾ ಹೋಗಬೇಕು, ಅವರು ಹೇಳಬೇಕು. ತಪ್ಪಿದರೆ ಲೋಟ ಅವರೇ ತೊಳೆಯಬೇಕು.

"ಸುಲ್ ಅಂತ," ಎಂದರು ಒಂದು ದಿನ. "ಮ್ಯಾಲೆ ಅನ್ನೂದಕ್ಕ 'ಸು' ಅಂತಾರ, ಮುಂದ ಬರೋ 'ಇಲ್', ಅಂದ್ರ ಇಂಗ್ಲಿಷಿನ 'ದಿ', ಅದನ್ನ ನುಂಗಿ 'ಸುಲ್' ಆಗತೈತಿ. ಇಂಗ್ಲಿಷಿನಾಗ ಹಿಂಗಿಲ್ಲ ನೋಡು. ಅಲ್ಲಿ ಎಲ್ಲಾ ದೂರ ದೂರ ನಿಂತಾವು."

"ನಮ್ಮಂಗ ಆತಲ್ರಿ. ಮನ್ಯಾಗ, ಒಲೀಗೆ. ನಮ್ಮೂವೂ ಅಂಟಿಕೊಂಡ ಇರತಾವು."

"ನಮ್ಮೂವು ಹಿಂದ ಅಂಟತಾವು."

"ಹಿಂದಾರ ಅಂಟ್ಲಿ, ಮುಂದಾರ ಅಂಟ್ಲಿ. ಲೋಟ ತೊಳಿರಿ."

ನಾನು ಓದಿದ್ದು ಹತ್ತನೇ ತರಗತಿ. ಬ್ಯಾಡಗಿಯ ಕನ್ನಡ ಶಾಲೆ. ಆದರೆ ಕನ್ನಡದ ಸಾಲು ನನ್ನ ಕೈಯಲ್ಲಿ ಇದ್ದದ್ದರಿಂದ ಒಂದು ವಿಷಯ ನನಗೆ ಅವರಿಗಿಂತ ಮೊದಲು ಕಂಡಿತು. ಅವರು ಫ್ರಮ್ ಎನ್ನುವುದಕ್ಕೆ ನಾಲ್ಕು ಪುಟ, ಸಿನ್ಸ್ ಎನ್ನುವುದಕ್ಕೆ ನಾಲ್ಕು, ಬೈ ಎನ್ನುವುದಕ್ಕೆ ನಾಲ್ಕು ಇಟ್ಟಿದ್ದರು. ಮೂರರಲ್ಲೂ ಬಲಗಡೆ 'ದಾ' ಎಂಬ ಒಂದೇ ಶಬ್ದ ಬರುತ್ತಿತ್ತು. ಮೂರರಲ್ಲೂ ನಡುವಿನ ಸಾಲಿನಲ್ಲಿ ನಾನು 'ಇಂದ' ಎಂದು ಬರೆಯುತ್ತಿದ್ದೆ. ಹಾವೇರಿಯಿಂದ ಬಂದ. ಆರು ವರ್ಷದಿಂದ ಇಲ್ಲಿದ್ದೇನೆ. ಇದು ನನ್ನಿಂದ ಆದದ್ದು. ನಾನು ಪುಟಗಳನ್ನು ಮಡಚಿ ಮೂರನ್ನೂ ಎದುರುಬದುರು ಹಿಡಿದು ತೋರಿಸಿದೆ.

"ಈ ಇಂಗ್ಲಿಷ್ ನಡುವ ಯಾಕ ಬೇಕ್ರಿ? ನಮ್ಮದರಿಂದ ಸೀದಾ ಹೋದ್ರ ಲಗೂ ಮುಟ್ಟತೇವಿ."

ಅವರು ಪುಟ ನೋಡಿದರು, ನನ್ನನ್ನು ನೋಡಿದರು. "ಹೌದಲ್ಲಲೇ!" ಎಂದರು. ಆಮೇಲೆ ತಕ್ಷಣ ಜಗಳ ತೆಗೆದರು. "ಹಂಗಾರ ಡಾಕ್ಟರ್ ಕಡೆ ಹೋಗೂದಕ್ಕೂ 'ದಾ' ಅಂತಾರಲ್ಲ, ಅದಕ್ಕೇನಂತಿ? ಹೋಗೂದಕ್ಕೂ ಅದ, ಬರೂದಕ್ಕೂ ಅದ!"

"ನೀವೇ ಹೇಳಿದ್ರಲ್ಲ, ಡಾಕ್ಟರ್ ಕಡೆ ಅಂತ. ಊರಿಗೆ ಹೋಗ್ತೇವಿ, ಮನಷ್ಯಾರ ಕಡೆ ಹೋಗ್ತೇವಿ. ಅವರಿಗೂ ಊರು ಬ್ಯಾರೆ, ಮನಷ್ಯಾರು ಬ್ಯಾರೆ ಇರಬೇಕು."

ಇದ್ದದ್ದು ಹಾಗೆಯೇ. ಆ ದಿನದಿಂದ ಅವರ ಪತ್ರಗಳಲ್ಲಿ ತಪ್ಪು ಕಡಿಮೆಯಾಗುತ್ತಾ ಬಂದವು.

ಮುಂದಿನ ಹಂಗಾಮಿನಲ್ಲಿ ಇಟಲಿಯವನು ಬಂದಾಗ ನಾನೂ ಐರಣಿಯ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದೆ. ಅವನಿಗೆ ರೊಟ್ಟಿ ತಿನ್ನುವ ಆಸೆಯಂತೆ. ಬಿಸಿಲಿಗೆ ಕೆಂಪಾದ, ಎತ್ತರದ, ವಯಸ್ಸಾದ ಮನುಷ್ಯ. ಸಾಲಿನ ನಡುವೆ ಒಬ್ಬ ಹೆಣ್ಣುಮಗಳ ಮುಂದೆ ತುಂಬಾ ಹೊತ್ತು ನಿಂತಿದ್ದ.

"ಸಾಹೇಬ್ರ, ನಿಮ್ಮ ಬಿಳಿ ಮಾವ ಏನಂತಾನ್ರಿ?" ಎಂದು ಅವಳು ನನ್ನ ಗಂಡನನ್ನು ಕೇಳಿದಳು. "ಅವಾಗಿಂದ ಇಲ್ಲೇ ನಿಂತಾನ."

"ನಿನ್ನ ಕೈ ಹಗುರ ಐತಂತ."

"ಕೈ ನೋಡ್ಯಾನೋ ಬಳಿ ನೋಡ್ಯಾನೋ, ಸರಿಯಾಗಿ ಕೇಳ್ರಿ."

ಸಾಲಿನುದ್ದಕ್ಕೂ ನಗು ಹೋಯಿತು. ಊಟಕ್ಕೆ ಪಂಪ್‌ಸೆಟ್ಟಿನ ಕೋಣೆಯ ನೆರಳಿಗೆ ಕೂತಾಗ ನನ್ನ ಗಂಡ ನೋಟ್‌ಬುಕ್ಕು ತೆಗೆದು ಅವನ ಕೈಗೆ ಕೊಟ್ಟರು. ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದ. ಊರಿನ ಹೆಸರಿಗೆ ಮೊದಲು ನಾವು 'ಇನ್' ಎಂದು ಹಾಕಿದ್ದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಿಂದ ಹೊಡೆದು 'ಆ' ಎಂದು ತಿದ್ದಿದ. ದೇಶಕ್ಕೆ 'ಇನ್', ಊರಿಗೆ 'ಆ' ಅಂತೆ. 'ದಾ' ಪುಟಗಳು ಬಂದಾಗ ನಿಲ್ಲಿಸಿದ. ಮೂರೂ ಶಬ್ದದ ಪುಟಗಳನ್ನು ಸೇರಿಸಿ ನಾನು ಕೆಂಪು ದಾರದಿಂದ ಹೊಲಿದಿದ್ದೆ. ಅವನು ದಾರ ಮುಟ್ಟಿ ನೋಡಿ, ಜೋರಾಗಿ ನಕ್ಕು, ನನ್ನ ಗಂಡನ ಕೈ ಹಿಡಿದು ಕುಲುಕಿ, ಇದು ಯಾರದು ಎಂದು ಕೇಳಿದ.

"ಮಿಯೋ," ಎಂದರು ನನ್ನ ಗಂಡ.

ನನ್ನದು. ಆ ಶಬ್ದ ನನಗೆ ಗೊತ್ತಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದದ್ದೂ ನಾನೇ, ಅದರ ಕೆಳಗೆ 'ನಮ್ಮದು' ಎನ್ನುವುದಕ್ಕೆ ಏನೆನ್ನಬೇಕು ಎಂದು ಬರೆದದ್ದೂ ನಾನೇ. ನಾನು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕುತ್ತಿದ್ದೆ. ಹಾಕಿ ಅವನ ಮುಂದೆ ಇಟ್ಟೆ.

ಬಸ್ಸಿನಲ್ಲಿ ಬರುವಾಗ ಕೇಳಿದೆ. "ಗಡಿಬಿಡಿಯಾಗ ಬಂತು ಬಿಡು. ಅದಕ್ಕೇನು, ನಂದಂದ್ರೇನು, ನಿಂದಂದ್ರೇನು" ಎಂದರು. ನಾನೂ ಬಿಟ್ಟೆ. ಆಗ ಬಿಟ್ಟದ್ದಕ್ಕೆ ಈಗ ನನ್ನ ಮೇಲೆ ನನಗೆ ಸಿಟ್ಟಿದೆ.

ಅದಾದ ಎಂಟು ತಿಂಗಳಿಗೆ ಅವರು ಹೋದರು.

ಅವರನ್ನು ರಾಣೆಬೆನ್ನೂರಿನಿಂದ ಹಾವೇರಿಗೆ, ಅವರ ಅಣ್ಣನ ಮನೆಗೆ ತಂದರು. ಅವರ ಆಫೀಸಿನ ಚೀಲವೂ ಅದೇ ಗಾಡಿಯಲ್ಲಿ ಬಂತು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು, ಅದು ನನಗೆ ಗೊತ್ತಿರಲಿಲ್ಲ. ಸತ್ತವರು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಒಂದು ವಸ್ತುವನ್ನು ಅವರ ತೊಡೆಯ ಮೇಲೆ ಇಡುತ್ತಾರೆ. ಮಾವನವರ ಜೊತೆ ಅವರ ಎಲೆ ಅಡಿಕೆಯ ಸಂಚಿ ಹೋಗಿತ್ತಂತೆ. ಹೆಂಗಸರು ಕುಣಿಯ ತನಕ ಹೋಗುವುದಿಲ್ಲ. ನನ್ನನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿದರು. ವಿಭೂತಿ, ಬಿಲ್ವಪತ್ರೆ, ಎಲ್ಲಾ ಸರಿಯಾಗಿ ಆಯಿತು ಎಂದು ಬಂದವರು ಹೇಳಿದರು.

ಮೂರನೇ ದಿನ, ಹಾಲು ತುಪ್ಪ ಹಾಕಿ ಗಂಡಸರು ತಿರುಗಿ ಬಂದಾಗ, ನಾನು ಅವರ ಚೀಲ ತೆಗೆದು ನೋಡಿದೆ. ಕನ್ನಡಕದ ಡಬ್ಬಿ ಇತ್ತು, ಕರವಸ್ತ್ರ ಇತ್ತು, ಡಿಕ್ಷನರಿ ಇತ್ತು. ನೋಟ್‌ಬುಕ್ಕು ಇರಲಿಲ್ಲ. ಭಾವನವರನ್ನು ಕೇಳಿದೆ. ಅವರು ಹಾವೇರಿಯಲ್ಲಿ ದರ್ಜಿ ಕೆಲಸ ಮಾಡುವವರು, ನನ್ನ ಗಂಡನಿಗಿಂತ ಹತ್ತು ವರ್ಷ ದೊಡ್ಡವರು, ಅವರನ್ನು ಎತ್ತಿ ಆಡಿಸಿ ಬೆಳೆಸಿದವರು.

"ಅವನ ಜೀವಾನ ಅದರಾಗ ಇತ್ತಲ್ಲವಾ," ಎಂದರು ಕಣ್ಣು ಒರೆಸಿಕೊಳ್ಳುತ್ತಾ. "ತೊಡಿ ಮ್ಯಾಗ ಇಟ್ಟು ಕಳಿಸೇವಿ. ನನ್ನ ಕೈಲೆ ಇಟ್ಟೆ."

"ಅದರಾಗ ಅರ್ಧ ನಂದಿತ್ರಿ, ಭಾವಾರ."

ಅವರಿಗೆ ತಿಳಿಯಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅವರ ಸೋದರತ್ತೆ ಹೇಳಿದಳು, "ಅಕಿ ಏನ ಇಟಲಿಗೆ ಹೋಗಾಕಿ ಇದ್ಳೇನೋ! ದುಃಖದಾಗ ಏನರ ಮಾತಾಡ್ತಾಳ, ಬಿಡೋ." ಮೂಲೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಸೂತಕದ ಮನೆಯಲ್ಲಿ ನಗು ಬಂದದ್ದು ಅದೊಂದೇ ಸಲ, ಅದೂ ನನ್ನ ಮೇಲೆ.

"ಖರೇ ಹೇಳಾಕತ್ತೇನ್ರಿ. ನಾನೂ ಬರದೇನಿ ಅದರಾಗ."

"ಅವನೇ ಹೇಳಿದ್ನಲ್ಲವಾ, ಇದನ್ನೆಲ್ಲಾ ನಾ ಬರೆದದ್ದು ಅಂತ. ಇಲ್ಲೇ, ಈ ಚಾಪಿ ಮ್ಯಾಗ ಕುಂತು ತೋರಿಸಿದ್ನಲ್ಲ. ನೀನೂ ಇದ್ದೆಲ್ಲ."

ಹೌದು, ಇದ್ದೆ. ಹಿಂದಿನ ವರ್ಷ ದೀಪಾವಳಿಗೆ ನಾವು ಬಂದಾಗ ನನ್ನ ಗಂಡ ಅಣ್ಣನಿಗೆ ನೋಟ್‌ಬುಕ್ಕು ತೋರಿಸಿದ್ದರು. ಮೂರು ಇಂಗ್ಲಿಷ್ ಶಬ್ದಕ್ಕೆ ಅಲ್ಲಿ ಒಂದೇ, ನಮ್ಮಲ್ಲೂ ಒಂದೇ, ಇದನ್ನು ನಾನು ಕಂಡುಹಿಡಿದೆ ಅಣ್ಣಾ ಎಂದಿದ್ದರು. ಅಣ್ಣ ಏನೂ ತಿಳಿಯದಿದ್ದರೂ ತಮ್ಮನ ಬೆನ್ನು ತಟ್ಟಿದ್ದರು. ನಾನು ಅಡುಗೆ ಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಕಡೆ ಒಮ್ಮೆ ನೋಡಿ ಅವರು ಕಣ್ಣು ಬೇರೆ ಕಡೆ ತಿರುಗಿಸಿದ್ದರು. ರಟ್ಟಿನ ಮೇಲೆ ಇದ್ದದ್ದೂ ಅವರ ಹೆಸರೊಂದೇ. ದಪ್ಪ ಅಕ್ಷರದಲ್ಲಿ, ಆಫೀಸಿನ ಮಶಿನ್ನಿನಲ್ಲಿ ಟೈಪ್ ಮಾಡಿ ಅಂಟಿಸಿದ್ದು.

ಭಾವನವರು ಮಾಡಿದ ತಪ್ಪು ಯಾವುದು ಹಾಗಾದರೆ? ಅವರಿಗೆ ಹೇಳಿದ್ದನ್ನು ಅವರು ನಂಬಿದರು. ಈ ವಿಚಾರ ಬಂದ ಮೇಲೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಸತ್ತ ಮೂರನೇ ದಿನಕ್ಕೆ ಗಂಡನ ಮೇಲೆ ಸಿಟ್ಟು ಮಾಡುವ ಹೆಂಗಸು ಎಂಥವಳು? ನಾನು ಅಂಥವಳು. ಅಳಲು ಕೂತರೆ ಹಲ್ಲು ಕಚ್ಚಿಕೊಳ್ಳುತ್ತಿದ್ದವು. ಕಣ್ಣಲ್ಲಿ ನೀರು ಬರುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ರಾಣೆಬೆನ್ನೂರಿನ ಆಫೀಸಿಗೆ ಹೋದೆ. ಅವರ ಛತ್ರಿ, ಊಟದ ಡಬ್ಬಿ ಅಲ್ಲೇ ಉಳಿದಿದ್ದವು. ಮಾಲೀಕರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಆಮೇಲೆ ಮಾತಿಗೆ ಬಂದರು.

"ಅಕ್ಕಾರ, ಆ ನೋಟ್‌ಬುಕ್ಕು ಒಂದು ಕೊಟ್ಟು ಬಿಡ್ರಿ. ಹೊಸ ಟೈಪಿಸ್ಟ್ ಬರ್ತಾನ, ಅವಗ ಬೇಕಾಗತೈತಿ. ಕಂಪನಿ ಕೆಲಸಕ್ಕ ಬರದದ್ದು, ಕಂಪನಿದ ಆಗತೈತಿ ಅದು."

"ಹಾವೇರಿ ಮಣ್ಣಾಗ ಐತ್ರಿ. ಅಗಿಸಿಕೊಳ್ರಿ."

ಅವರು ಚಹಾದ ಕಪ್ಪು ಕೆಳಗಿಟ್ಟರು. ನಾನು ಹಾಗೆ ಮಾತಾಡುವವಳಲ್ಲ. ಆ ಆಫೀಸಿನಲ್ಲಿ ನನ್ನ ದನಿಯನ್ನು ಯಾರೂ ಕೇಳಿರಲೇ ಇಲ್ಲ.

"ಹಂಗಲ್ರಿ ಅಕ್ಕಾರ... ಮತ್ತೊಂದು ಯಾರು ಬರೀಬೇಕು ಈಗ?"

"ನಾ ಬರೀತೇನಿ."

"ನೀವಾ? ಎಷ್ಟರ ತನಕ ಓದೀರಿ?"

"ಹತ್ತನೇತ್ತ."

ಅವರು ಮುಂದಿನ ಮೇಜಿನ ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಕಾಗದದ ಕಡೆ ನೋಡಿದ. "ಆತು, ಆತು, ಮೊದಲ ಸಮಾಧಾನ ಮಾಡಿಕೊಳ್ರಿ" ಎಂದರು ಮಾಲೀಕರು, ಜ್ವರ ಬಂದವರಿಗೆ ಹೇಳುವ ದನಿಯಲ್ಲಿ. ಛತ್ರಿ ತೆಗೆದುಕೊಂಡು ಬಂದೆ. ಡಬ್ಬಿ ಅಲ್ಲೇ ಮರೆತೆ, ಮತ್ತೆ ಹೋಗಲಿಲ್ಲ.

ಬ್ಯಾಡಗಿಗೆ ತವರಿಗೆ ಹೋದೆ. ಮೆಣಸಿನಕಾಯಿಯ ಸುಗ್ಗಿ ನಡೆದಿತ್ತು. ಅವ್ವ ಮನೆಯಂಗಳದಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಳು. ಯಾರು ಬಂದರೂ ಎರಡು ಸಲ ಸೀನಿ ಆಮೇಲೆ ಮಾತಾಡಿಸುತ್ತಿದ್ದರು. ಅಲ್ಲಿ ಕೂತು ನಾನು ಹಳೆಯ ಶಾಲೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಮತ್ತೆ ಬರೆಯತೊಡಗಿದೆ.

"ಒಂದ ಸಲ ಅತ್ತು ಬಿಡು ಮಗಳ," ಎಂದಳು ಅವ್ವ. "ಬರಕೋಂತ ಕುಂತ್ರ ಏನಾಗತೈತಿ?"

"ಸಿಟ್ಟು ಬರತೈತವ್ವಾ."

"ಯಾರ ಮ್ಯಾಗ?"

ನಾನು ಇನ್ನೊಂದು ಹಾಳೆ ಕಿತ್ತೆ. ಅವ್ವ ಹಾಳೆ ಹಾರದ ಹಾಗೆ ಒಂದು ಕಲ್ಲು ತಂದಿಟ್ಟಳು.

ಶಬ್ದಗಳು ನೆನಪಿದ್ದವು. 'ಪೆರ್', 'ಕೋನ್', 'ಸೋತ್ತೋ', 'ಸೆಂಝಾ'. ಸಲುವಾಗಿ, ಜೊತೆ, ಕೆಳಗೆ, ಇಲ್ಲದೆ. ಯಾವುದು ಎಲ್ಲಿ ಎನ್ನುವುದೂ ನೆನಪಿತ್ತು. ಕಷ್ಟವಾದದ್ದು ವಾಕ್ಯಗಳು. ಪ್ರತಿಯೊಂದರಲ್ಲೂ ಅವರೇ ಇದ್ದರು. ಹಾಲು ಒಲೆಯ ಮೇಲೆ ಇದೆ ಎಂದು ಬರೆದರೆ ಅಂದು ಹಾಲು ಉಕ್ಕಿದ್ದು, ಇಬ್ಬರೂ ನೋಟ್‌ಬುಕ್ಕು ನೋಡುತ್ತಾ ಕೂತದ್ದು ಬರುತ್ತಿತ್ತು. ಅವರಿಲ್ಲದ ಹೊಸ ವಾಕ್ಯ ಮಾಡೋಣ ಎಂದು ಪ್ರಯತ್ನಿಸಿದೆ. ನಾನು ಒಬ್ಬಳೇ ಮನೆಯಲ್ಲಿದ್ದೇನೆ. ನಾನು ಅವ್ವನ ಕಡೆ ಹೋಗುತ್ತೇನೆ. ವ್ಯಾಕರಣಕ್ಕೆ ಸರಿ ಇದ್ದವು. ಓದಲು ಆಗುತ್ತಿರಲಿಲ್ಲ. ಹರಿದು ಹಾಕಿ ಹಳೆಯವನ್ನೇ ಬರೆದೆ, ಹಲ್ಲು ಕಚ್ಚಿ.

ವರ್ಷದ ಕಾರ್ಯಕ್ಕೆ ಹಾವೇರಿಗೆ ಹೋದೆ. ಪಂಕ್ತಿ ಕೂತಿತ್ತು. ನಾನು ಹೋಳಿಗೆ ಬಡಿಸುತ್ತಿದ್ದೆ. ಭಾವನವರು ತಮ್ಮ ಪಕ್ಕದವರಿಗೆ ಹೇಳುತ್ತಿದ್ದರು, "ನಮ್ಮ ತಮ್ಮ ಪರದೇಶದ ಭಾಷಾದಾಗ ಪುಸ್ತಕ ಬರೆದಿದ್ನರಿ. ಒಬ್ಬನೇ ಕುಂತು. ಯಾರೂ ಕಲಿಸಿದವರಿಲ್ಲ."

ನನ್ನ ಕೈ ನಿಂತಿತು. ಬುಟ್ಟಿಯನ್ನು ನೆಲಕ್ಕಿಟ್ಟೆ.

"ಒಬ್ರೇ ಬರೀಲಿಲ್ರಿ ಭಾವಾರ. ಮೂರು ಸಾಲಿನಾಗ ಎರಡು ನನ್ನ ಅಕ್ಷರ ಇದ್ದವು. ಮೂರು ಶಬ್ದ ಒಂದ ಅನ್ನೂದನ್ನ ನಾ ತೋರಿಸಿದ್ದೆ. ಅವರು ನಿಮ್ಮ ಮುಂದ ಸುಳ್ಳು ಹೇಳಿದ್ರು."

ಎಡೆ ಮುಂದೆ ಇಟ್ಟುಕೊಂಡು ಇಪ್ಪತ್ತು ಜನ ನನ್ನನ್ನು ನೋಡಿದರು. "ಎಡಿ ದಿನಾ ಸತ್ತವಗ ಸುಳ್ಳ ಅಂತಾಳಲ್ಲ!" ಎಂದಳು ಸೋದರತ್ತೆ. "ನಾಲಿಗಿ ಹೆಂಗರ ಹೊಳ್ಳತೈತಿ?"

"ಹೊಳ್ಳೇತಿ ನೋಡ್ರಿ," ಎಂದೆ. "ವರ್ಷ ಬೇಕಾತು ಹೊಳ್ಳಾಕ."

ಭಾವನವರ ಕೈಯಲ್ಲಿದ್ದ ತುತ್ತು ಹಾಗೆಯೇ ಇತ್ತು. "ಹಂಗಾರ ಅವತ್ತ ಯಾಕ ಹೇಳಲಿಲ್ಲವಾ, ನನ್ನ ಮುಂದ?" ಎಂದರು. ಗದರಿಸಿ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅವರು ತಿಳಿದುಕೊಳ್ಳಲು ಕೇಳಿದರು. ಬುಟ್ಟಿ ಎತ್ತಿಕೊಂಡು ಉಳಿದವರಿಗೂ ಬಡಿಸಿ, ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ರಾಣೆಬೆನ್ನೂರಿಗೆ ಬಂದೆ.

ತಿಂಗಳ ಮೇಲೆ ಒಂದು ಮುಂಜಾನೆ ಭಾವನವರು ಬಂದರು. ಕೈಚೀಲದಿಂದ ಒಂದು ಹೊಸ ಉದ್ದನೆಯ ನೋಟ್‌ಬುಕ್ಕು ತೆಗೆದು ಹೊಲಿಗೆ ಮಶಿನ್ನಿನ ಮೇಲಿಟ್ಟರು. ನನ್ನ ಬಿಡಿ ಹಾಳೆಗಳು ಅಲ್ಲೇ ಇದ್ದವು. ಅವರು ಕೂತು, ಬೆರಳಿಟ್ಟು, ನಡುವಿನ ಕನ್ನಡದ ಸಾಲನ್ನು ಒಂದೊಂದಾಗಿ ಓದಿದರು. 'ನನ್ನ ಅಣ್ಣ ಹಾವೇರಿಯಿಂದ ಬರುತ್ತಾನೆ' ಎನ್ನುವುದು ಬಂದಾಗ ಬೆರಳು ನಿಂತಿತು.

"ಇದು ಅವನ ಮಾತು."

"ಹೌದ್ರಿ."

"ಅಕ್ಷರ ನಿಂದು."

"ಹೌದ್ರಿ."

"ಅಗಿಯಾಕ ಬರೂದಿಲ್ಲವಾ ಅದನ್ನ," ಎಂದರು. ಅದೇ ವಿಚಾರವನ್ನು ಎಷ್ಟೋ ದಿನ ಮಾಡಿ ಬಂದವರ ಹಾಗೆ ಹೇಳಿದರು. ನನಗೆ ಪಾಪ ಅನಿಸಿತು, ಸಿಟ್ಟು ಹೋಗಲಿಲ್ಲ. ಚಹಾ ಮಾಡಿ ಕೊಟ್ಟೆ.

"ಇದರ ಮ್ಯಾಗ ಯಾರ ಹೆಸರು ಬರೀತಿ?"

"ನಂದು."

ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು. "ಅವಂದೂ ಬರಿ," ಎಂದರು ಏಳುತ್ತಾ.

"ನೋಡೋಣ್ರಿ."

ಆ ನೋಟ್‌ಬುಕ್ಕು ಈಗ ತುಂಬಿದೆ. ರಟ್ಟಿನ ಮೇಲೆ ನನ್ನ ಹೆಸರಿದೆ. ಅದರ ಕೆಳಗೆ ಒಂದು ಸಾಲಿಗೆ ಆಗುವಷ್ಟು ಜಾಗ ಇದೆ. ಅವರದನ್ನು ಇನ್ನೂ ಬರೆದಿಲ್ಲ.